ಬ್ರೇಕ್ ಮೇಷ್ಟ್ರು ನಟಿಸದ ಸಿನಿಮಾ

ಡ್ರೈವಿಂಗ್ ಸ್ಕೂಲಿನ ಬ್ರೇಕ್ ಮೇಷ್ಟ್ರು ಇಪ್ಪತ್ತಾರು ವರ್ಷಗಳಿಂದ ಕಾರಿನಲ್ಲೇ ಅನ್ನ ಸಂಪಾದಿಸುತ್ತಿದ್ದರೂ ಸ್ಟಿಯರಿಂಗ್ ಹಿಡಿದದ್ದು ಅಪರೂಪ. ಅವರ ಜಾಗ ಪಕ್ಕದ ಸೀಟು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಮೂರೂ ಇರುತ್ತವೆ. ಕಲಿಯುವವರು ಕಣ್ಣು ಮುಚ್ಚಿ "ಅಯ್ಯಯ್ಯೋ" ಎನ್ನುವಾಗ ಊರನ್ನು ಕಾಪಾಡುತ್ತಿದ್ದದ್ದು ಮೇಷ್ಟ್ರ ಬಲಗಾಲು. ಹಾಗೆ ಕಾಪಾಡಿ ಕಾಪಾಡಿ ಆ ಕಾಲಿಗೆ ಚಟವೇ ಹತ್ತಿಬಿಟ್ಟಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ಕ್ಷೌರದಂಗಡಿಯ ಕುರ್ಚಿಯಲ್ಲೂ ಒತ್ತುತ್ತಿತ್ತು. ಮನೆಯಲ್ಲಿ ಯಾರಾದರೂ ದನಿ ಏರಿಸಿದರೆ ಸೋಫಾದ ಮುಂದಿನ ನೆಲಹಾಸಿನ ಮೇಲೆ ಒತ್ತುತ್ತಿತ್ತು. ಅಲ್ಲಿ ನೆಲಹಾಸು ಸವೆದು ತೂತು ಬಿದ್ದು, ಅವರ ಹೆಂಡತಿ ಎರಡು ಸಲ ತೇಪೆ ಹಾಕಿದ್ದರು.

ಹೆಂಡತಿಗೆ ತೇಪೆ ಹಾಕುವುದೇನು ಕಷ್ಟವಲ್ಲ. ಬೀದಿಗೆಲ್ಲ ಅವರು ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಳತೆ ಕೊಡಲು ಬಂದವರು ಅಡುಗೆಮನೆಯ ಬಾಗಿಲಲ್ಲಿ ಸಾಲಾಗಿ ನಿಲ್ಲಬೇಕು. ಹೊಲಿದಿಟ್ಟ ಪ್ಯಾಂಟುಗಳ ಮೇಲೆ ಒಗ್ಗರಣೆಯ ಘಾಟು ಕೂರುತ್ತಿತ್ತು. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಒಂದು ಮಳಿಗೆ ಹಿಡಿಯೋಣ ಎಂದು ಅವರು ಕೇಳಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಮೇಷ್ಟ್ರು ಪ್ರತಿ ಸಲವೂ "ನೋಡೋಣ" ಎನ್ನುತ್ತಿದ್ದರು. ಕಾಲಿಗೆ ಬ್ರೇಕು ಹೇಗೋ ಬಾಯಿಗೆ ಈ ಮಾತು ಹಾಗೆ. ಅವರು ನೋಡುತ್ತಲೇ ಇದ್ದರು. ಆ ಮಳಿಗೆಗೆ ಚಪ್ಪಲಿ ಅಂಗಡಿ ಬಂತು, ಹೋಯಿತು, ಕನ್ನಡಕದ ಅಂಗಡಿ ಬಂತು.

ಹೋದ ವರ್ಷ ಒಂದು ದಿನ ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಾ ಹೇಳಿದರು: "ಇನ್ಮೇಲೆ ಕೇಳಲ್ಲ ಬಿಡಿ. ನಿಮ್ಮ ಕೈಲಿ ಇನ್ನೊಬ್ಬರನ್ನ ನಿಲ್ಲಿಸೋಕೆ ಆಗುತ್ತೆ, ಅಷ್ಟೆ. ನೀವಾಗಿ ಏನನ್ನಾದ್ರೂ ಓಡಿಸಿದ್ದುಂಟಾ?"

ಕೂಗಿದ್ದರೆ ಮೇಷ್ಟ್ರು ನೆಲಹಾಸು ಒತ್ತಿ ಸುಮ್ಮನಾಗುತ್ತಿದ್ದರು. ಆಕೆ ಕೂಗಲಿಲ್ಲ, ಹೇಳಿ, ಮಿಷನ್ನಿನ ಚಕ್ರ ತಿರುಗಿಸಿಕೊಂಡು ಹೊಲಿಯುತ್ತಾ ಕೂತರು. ಆ ಮಾತು ಮೇಷ್ಟ್ರ ಎದೆಗೆ ನಾಟಿಬಿಟ್ಟಿತು. ಊಟಕ್ಕೆ ಕೂತಾಗಲೂ ಅದೇ, ಕಾರು ತೊಳೆಯುವಾಗಲೂ ಅದೇ.

ಹದಿನೈದು ದಿನ ಕಳೆಯುವಷ್ಟರಲ್ಲಿ ಹಾಸಿಗೆ ಅಂಗಡಿಯವನು ಮೇಷ್ಟ್ರನ್ನು ಹುಡುಕಿಕೊಂಡು ಬಂದ. ಹಾಸಿಗೆ ಮಾರಿ ಬೇಸತ್ತು ಸಿನಿಮಾ ತೆಗೆಯಲು ಹೊರಟಿದ್ದ ಪುಣ್ಯಾತ್ಮ. ದರೋಡೆಕೋರರನ್ನು ಕಾರಿನಲ್ಲಿ ಹತ್ತಿಸಿಕೊಂಡು ಪರಾರಿಯಾಗುವ ಒಬ್ಬ ಚಾಲಕನ ಕಥೆ. ಹೊಡೆದಾಟವೂ ಉಂಟು, ನಗುವೂ ಉಂಟು. ಹೆಸರು 'ಗೇರ್ ಐದು, ದಾರಿ ಒಂದು'. ಎಲ್ಲಾ ಸರಿ, ನಾಯಕನಿಗೆ ಕಾರು ಓಡಿಸಲು ಬರುವುದಿಲ್ಲ.

"ಕಾಲು ಎರಡು, ಪೆಡಲು ಮೂರು," ಎಂದ ನಾಯಕ ತಲೆ ಕೆರೆದುಕೊಳ್ಳುತ್ತಾ. "ಲೆಕ್ಕ ಹೇಗೆ ಸರಿಹೋಗುತ್ತೆ ಮೇಷ್ಟ್ರೇ?"

ಅಲ್ಲಿಗೆ ಒಂದು ಉಪಾಯವಾಯಿತು. ನಾಯಕ ಮೇಷ್ಟ್ರದೇ ಕಲಿಸುವ ಕಾರಿನ ಸ್ಟಿಯರಿಂಗ್ ಹಿಡಿದು ಹಲ್ಲು ಕಚ್ಚುವುದು. ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, ಮೇಷ್ಟ್ರು ಅದರಲ್ಲಿ ಮಲಗಿ, ಮೈತುಂಬ ಕಪ್ಪು ಬಟ್ಟೆ ಹೊದ್ದು, ಮುಂದೇನಿದೆ ಎಂದು ನಾಯಕ ಪಿಸುಗುಟ್ಟಿದಂತೆ ಪೆಡಲು ಒತ್ತುವುದು, ಬಟ್ಟೆಯೊಳಗಿಂದಲೇ ಗೇರು ಹಾಕುವುದು. ಆದರೆ ಪೋಸ್ಟರಿನಲ್ಲಿ 'ಕಾರಿನ ಸಾಹಸವೆಲ್ಲ ನಾಯಕನದ್ದೇ!' ಎಂದು ಆಗಲೇ ಅಚ್ಚಾಗಿತ್ತು. ಆದ್ದರಿಂದ ಹಾಸಿಗೆ ಅಂಗಡಿಯವನು ಮೇಷ್ಟ್ರ ಕೈಯನ್ನು ಸ್ಟಿಯರಿಂಗ್ ಮೇಲೆ ಇಡಿಸಿ, ಯಾರಿಗೂ, ಹೆಂಡತಿಗೂ, ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿಸಿಕೊಂಡ. ಬೇರೆಯವರಾಗಿದ್ದರೆ ಒಂದು ಬೆರಳು ಮಡಚಿಟ್ಟುಕೊಂಡು ಸುಳ್ಳಾಣೆ ಮಾಡುತ್ತಿದ್ದರು. ಮೇಷ್ಟ್ರು ಕೆಂಪು ದೀಪಕ್ಕೆ ಖಾಲಿ ರಸ್ತೆಯಲ್ಲೂ ನಿಲ್ಲುವ ಪ್ರಾಣಿ. ಐದು ಬೆರಳೂ ಊರಿ ಮಾಡಿದರು.

"ಕಾರನ್ನ ಸಿನಿಮಾದವರು ಕೇಳಿದಾರೆ. ನಾನು ಜೊತೆಗೆ ಹೋಗಿ ಕಾಯ್ಕೊಂಡು ಬರ್ತೀನಿ," ಎಂದರು ಮನೆಯಲ್ಲಿ.

"ಹೋಗಿ ಬನ್ನಿ. ಕಾಯೋದು ನಿಮಗೇನು ಹೊಸದಾ?" ಎಂದರು ಟೈಲರಮ್ಮ.

ಚಿತ್ರೀಕರಣ ಹನ್ನೆರಡು ದಿನ ನಡೆಯಿತು. ಇದ್ದದ್ದು ಅದೊಂದೇ ಕಾರು. ಬೆಳಿಗ್ಗೆ ಅದು ಕಳ್ಳರ ಕಾರು; ಮಧ್ಯಾಹ್ನ ನೀಲಿ ಪಟ್ಟಿ ಅಂಟಿಸಿದರೆ ಬೆನ್ನಟ್ಟುವ ಪೊಲೀಸ್ ಕಾರು. ಹೀಗೆ ಮೇಷ್ಟ್ರು ಬೆಳಿಗ್ಗೆ ತಪ್ಪಿಸಿಕೊಂಡು, ಊಟ ಮಾಡಿ, ಮಧ್ಯಾಹ್ನ ತಮ್ಮನ್ನು ತಾವೇ ಅಟ್ಟಿಸಿಕೊಂಡು ಹೋದರು. ಒಂದು ದಿನ ಛಾವಣಿಯ ಮೇಲಿನ 'ಎಲ್' ಬೋರ್ಡು ತೆಗೆಯಲು ಮರೆತೇಹೋಯಿತು. ಇನ್ನೊಂದು ದಿನ ಕಪ್ಪು ಬಟ್ಟೆ ಜಾರಿತು. ಆ ದೃಶ್ಯವನ್ನು ಪುನಃ ಚಿತ್ರಿಸಲು ಹೊತ್ತಿರಲಿಲ್ಲ. ಕೊನೆಯ ದಿನ ಖಾಲಿ ಹೆದ್ದಾರಿಯಲ್ಲಿ, ಬಟ್ಟೆಯ ಸಂದಿನಲ್ಲಿ ಆಕಾಶದ ಚೂರು ಬಿಟ್ಟು ಬೇರೇನೂ ಕಾಣದೆ ಮಲಗಿದ್ದ ಮೇಷ್ಟ್ರು ಬಲಗಾಲನ್ನು ಬ್ರೇಕಿನಿಂದ ತೆಗೆದು ಪಕ್ಕದ ಪೆಡಲಿನ ಮೇಲಿಟ್ಟು ನೆಲಕ್ಕೆ ತಾಗಿಸಿಬಿಟ್ಟರು. ಮುಳ್ಳು ತೊಂಬತ್ತು ದಾಟಿತು. ನಾಯಕ ಅಮ್ಮನನ್ನು ಕರೆದ. ಮೇಷ್ಟ್ರಿಗೆ ಬಟ್ಟೆಯೊಳಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇದನ್ನು ಅವಳು ನೋಡಬೇಕು, ನೋಡಿ ನಾನೇ ಎಂದು ತಿಳಿಯಬೇಕು ಎಂದು ಅವರಿಗೆ ಆಸೆ ಹುಟ್ಟಿದ್ದು ಆಗಲೇ. ಹೇಳುವಂತಿಲ್ಲ, ಹೇಳದೆ ಇರಲಾಗುವುದಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು ಅವರ ಪಾಡು.

ಸಿನಿಮಾ ಬಿಡುಗಡೆಯಾದ ದಿನ ಹಗಲಿನ ಆಟಕ್ಕೆ ಇಬ್ಬರೂ ಹೋದರು. ಟೈಲರಮ್ಮ ಗಂಡನಿಗೆ ತಾವೇ ಹೊಲಿದ ಬಿಳಿ ಶರ್ಟು ತೊಡಿಸಿದ್ದರು. "ಕಾರು ಕಾದವರಾದ್ರೇನು, ನೀಟಾಗಿರಿ," ಎಂದಿದ್ದರು. ಮೇಷ್ಟ್ರು ಪರದೆ ನೋಡಲೇ ಇಲ್ಲ. ಎರಡು ಗಂಟೆ ಹೆಂಡತಿಯ ಮುಖವನ್ನೇ ನೋಡಿದರು. ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರೆ ಆಕೆ ನಗಲಿಲ್ಲ. ಒಂದು ಕಡೆ ಮುಂದಕ್ಕೆ ಬಾಗಿ ಕೂತರು, ಹೆದ್ದಾರಿಯ ದೃಶ್ಯದಲ್ಲಿ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡರು. ಇಷ್ಟೇ. ಇದರಲ್ಲಿ ಏನು ಅರ್ಥ ಹುಡುಕುವುದು, ಮಣ್ಣು?

ಆಟ ಬಿಟ್ಟಾಗ ಮೆಟ್ಟಿಲ ಬುಡದಲ್ಲಿ ಹಾಸಿಗೆ ಅಂಗಡಿಯವನ ತಂಗಿ ಮೈಕು, ಫೋನು ಹಿಡಿದು ನಿಂತಿದ್ದಳು. ಪ್ರೇಕ್ಷಕರ ಅಭಿಪ್ರಾಯ! ಪಕ್ಕದಲ್ಲಿ ನಾಯಕ ಕಪ್ಪು ಕನ್ನಡಕ ಹಾಕಿ ನಿಂತಿದ್ದ. ಅವನ ಹಿಂದೆ, ಪೋಸ್ಟರ್ ಅಂಟಿಸಿದ ಅದೇ ಕಾರು. ಮೇಷ್ಟ್ರು ಕಂಬದ ಮರೆಯಲ್ಲಿ ಕಿವಿ ನಿಮಿರಿಸಿ ನಿಂತರು.

ಮೊದಲು ಬಂದವನು ಗಡ್ಡದ ಅಧ್ಯಾಪಕ. "ಅದ್ಭುತ! ಕಳ್ಳನ ಕಾರು, ಪೊಲೀಸ್ ಕಾರು ಒಂದೇ ಒಂದು ಸಲವಾದ್ರೂ ಒಟ್ಟಿಗೆ ಕಂಡ್ವಾ? ಇಲ್ಲ! ಯಾಕೆ? ಇಬ್ಬರೂ ಒಂದೇ! ನಮ್ಮೊಳಗಿನ ಕಳ್ಳನ್ನ ನಾವೇ ಅಟ್ಟಿಸ್ಕೊಂಡು ಹೋಗ್ಬೇಕು ಅಂತ ನಿರ್ದೇಶಕರು ಹೇಳ್ತಿದಾರೆ."

ಎರಡನೇ ಕಾರಿಗೆ ಗತಿಯಿಲ್ಲದಿದ್ದ ಹಾಸಿಗೆ ಅಂಗಡಿಯವನು ಗಂಭೀರವಾಗಿ ತಲೆಯಾಡಿಸಿದ.

"ಅಲ್ರೀ, ಬ್ಯಾಂಕ್ ದೋಚ್ಕೊಂಡು ಓಡೋನು ತಿರುವಿನಲ್ಲಿ ಇಂಡಿಕೇಟರ್ ಹಾಕ್ತಾನಲ್ರೀ!" ಎಂದ ಬ್ಯಾಂಕಿನ ಗುಮಾಸ್ತ, ಕಣ್ಣೊರೆಸಿಕೊಳ್ಳುತ್ತಾ. "ಮೇಲೆ ಎಲ್ ಬೋರ್ಡು ಬೇರೆ! ನಕ್ಕೂ ನಕ್ಕೂ ನನ್ನ ಪಕ್ಕೆ ಹಿಡ್ಕೊಂಡಿದೆ."

ಕೋಲೂರಿಕೊಂಡು ಬಂದ ಮುದುಕರು ಮೈಕನ್ನೇ ಕಿತ್ತುಕೊಂಡರು. "ನಗೋದೇನು ಬಂತು? ರಸ್ತೆ ದಾಟೋ ಅಜ್ಜಿಗೆ ಕಾರು ನಿಲ್ಲಿಸಿ ಕಾದನಲ್ಲ, ಅಂಥ ಕಳ್ಳ ಎಲ್ಲಿ ಸಿಗ್ತಾನೆ? ನಮ್ಮಳಿಯನಿಗಿಂತ ಸಾವಿರ ಪಾಲು ವಾಸಿ." ಅಳಿಯ ಹಿಂದೆಯೇ ನಿಂತು ಅವರ ಚೀಲ ಹಿಡಿದುಕೊಂಡಿದ್ದ.

ಒಬ್ಬ ನರ್ಸಮ್ಮನಿಗೆ ಕಥೆ ಬೇಕಿರಲಿಲ್ಲ. ಸಿನಿಮಾದಲ್ಲಿ ಏಟು ತಿಂದವರೆಲ್ಲ ಹಾಸಿಗೆಗಳ ಮೇಲೇ ಬೀಳುತ್ತಿದ್ದರಲ್ಲ, ಅವು ಎಲ್ಲಿ ಸಿಗುತ್ತವೆ ಎಂದು ಕೇಳಿದರು. ಹಾಸಿಗೆ ಅಂಗಡಿಯವನು ಕಿಸೆಯಿಂದ ಕಾರ್ಡು ತೆಗೆದುಕೊಟ್ಟ.

ಅಷ್ಟರಲ್ಲಿ ಇಬ್ಬರು ಗೆಳೆಯರ ಜಗಳ ಶುರುವಾಯಿತು. ನಾಯಕನ ಭುಜದ ಹಿಂದೆ ಒಂದು ಕ್ಷಣ ಬೋಳಾಗಿ ಮಿಂಚಿದ್ದು ಏನು? ಒಬ್ಬ ಕಲ್ಲಂಗಡಿ ಎಂದ. ಇನ್ನೊಬ್ಬ, ಮೊದಲ ದೃಶ್ಯದಲ್ಲಿ ಸತ್ತ ದರೋಡೆಕೋರನ ದೆವ್ವ ಎಂದ. ಅಧ್ಯಾಪಕ ಹಿಂತಿರುಗಿ ಬಂದು, "ಅದು ನಾಯಕನ ಆತ್ಮಸಾಕ್ಷಿ," ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರ ಕೈ ತಾನಾಗಿಯೇ ತಮ್ಮ ಬೋಳುತಲೆಯ ಮೇಲೆ ಹೋಯಿತು.

"ಹೀರೋ ಡ್ರೈವಿಂಗ್ ಅಂತೂ ಸೂಪರ್!" ಎಂದು ಕಾಲೇಜಿನ ಹುಡುಗಿಯರು ಕಿರುಚಿದರು. "ಮೈಯೇ ಅಲುಗಾಡ್ಸಲ್ಲ!"

ಮೇಷ್ಟ್ರ ಮುಖ ಹುಳ್ಳಗಾಯಿತು. ಅಲುಗಾಡಿದವರು ಯಾರು, ಹೊಗಳಿಕೆ ಯಾರಿಗೆ! ಮೈಕು ಈಗ ಟೈಲರಮ್ಮನ ಮುಂದೆ ಬಂದಿತ್ತು. ಮೇಷ್ಟ್ರ ಬಲಗಾಲು ಮೆಟ್ಟಿಲ ಕಲ್ಲನ್ನೇ ಒತ್ತತೊಡಗಿತು.

"ನಿಮಗೇನನ್ನಿಸ್ತು ಆಂಟಿ?"

ಟೈಲರಮ್ಮ ಯೋಚಿಸಿದರು. "ಓಡ್ಸಿದ್ದು ಇರಲಿ. ನಿಲ್ಲಿಸಿದ್ದು ಚೆನ್ನಾಗಿತ್ತು."

"ಅಂದ್ರೆ?"

"ಅಷ್ಟೇ ಕಣಮ್ಮ."

ತಿಳಿದು ಹೇಳಿದಳೋ, ಸುಮ್ಮನೆ ಹೇಳಿದಳೋ? ಮೇಷ್ಟ್ರು ಕೇಳಲು ಹೆಜ್ಜೆ ಎತ್ತಿಟ್ಟರು. ಆಗಲೇ ಗುಂಪಿನಲ್ಲಿ ಯಾರೋ, "ಹೀರೋ, ಒಂದು ರೌಂಡ್!" ಎಂದ. ಎಲ್ಲರೂ ಅದನ್ನೇ ಹಿಡಿದುಕೊಂಡರು: "ಒಂದು ರೌಂಡ್! ಒಂದು ರೌಂಡ್!" ನಾಯಕನ ಬಣ್ಣ ಇಳಿಯಿತು. ಹಾಸಿಗೆ ಅಂಗಡಿಯವನು ಕಂಬದ ಕಡೆ ನೋಡಿ ಕೈಮುಗಿಯುವುದೊಂದು ಬಾಕಿ.

ಆಣೆ ಎಂದರೆ ಆಣೆ. "ನೀನು ಬಸ್ಸಲ್ಲಿ ಮನೆಗೆ ಹೋಗಿರು, ನನಗಿಲ್ಲಿ ಸ್ವಲ್ಪ ಕೆಲಸ ಇದೆ," ಎಂದು ಹೆಂಡತಿಗೆ ಹೇಳಿ ಮೇಷ್ಟ್ರು ಕಾರಿನ ಆ ಬದಿಗೆ ನುಸುಳಿದರು. ದೊಡ್ಡ ಪೋಸ್ಟರೊಂದನ್ನು ಅಡ್ಡ ಹಿಡಿಯಲಾಯಿತು. ಸೀಟು ಬಾಗಿತು, ಮೇಷ್ಟ್ರು ಮಲಗಿದರು, ಬಿಳಿ ಶರ್ಟಿನ ಮೇಲೆ ಕಪ್ಪು ಬಟ್ಟೆ ಬಿತ್ತು. ಅವಳು ಹೊಲಿದ ಶರ್ಟು ಮುದುಡುತ್ತಿರುವುದು ಬೆನ್ನಿಗೆ ಗೊತ್ತಾಗುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಇಷ್ಟು ನಾಚಿಕೆ ಅವರಿಗೆ ಎಂದೂ ಆಗಿರಲಿಲ್ಲ.

ಹಿಂದಿನ ಬಾಗಿಲು ತೆರೆದುಕೊಂಡಿತು. ಯಾರೋ ಹತ್ತಿ ಕೂತರು.

"ಅಮ್ಮಾ, ಇದು ಸಿನಿಮಾ ಕಾರು..." ಎಂದ ನಾಯಕ.

"ನಮ್ಮ ಮನೆ ಕಾರು ಕಣಪ್ಪ. ನೀನು ಮುಂದೆ ನೋಡು," ಎಂದಿತು ಟೈಲರಮ್ಮನ ದನಿ. ಆಮೇಲೆ ಕಪ್ಪು ಬಟ್ಟೆಯ ಕಡೆಗೆ: "ರೀ, ಎದ್ದು ಕೂತ್ಕೊಳ್ಳಿ. ಸೊಂಟ ಹಿಡ್ಕೊಳ್ಳುತ್ತೆ."

ಬಟ್ಟೆ ಅಲುಗಾಡಲಿಲ್ಲ. ಒಳಗಿಂದ ಸಣ್ಣ ದನಿ ಬಂತು. "ಆಣೆ ಮಾಡಿದೀನಿ ಕಣೇ."

"ಆಣೆ ಮಾಡಿದ್ದು ಬಾಯಿ ತಾನೆ, ಕಾಲಲ್ಲವಲ್ಲ. ನಿಮ್ಮ ಕಾಲು ಮೊದಲನೇ ಸೀನಲ್ಲೇ ಎಲ್ಲಾ ಹೇಳ್ಬಿಡ್ತು. ಒಂದ್ಸಲ ಮೆಲ್ಲಗೆ, ಇನ್ನೊಂದ್ಸಲ ಸ್ವಲ್ಪ ಗಟ್ಟಿಯಾಗಿ, ಆಮೇಲೆ ನಿಲ್ಲೋದು. ಹಾಗೆ ನಿಲ್ಲಿಸೋರು ಈ ಊರಲ್ಲಿ ಇನ್ನ್ಯಾರಿದಾರೆ? ಮಡಿಲಲ್ಲಿ ಗುಂಡುಸೂಜಿ ಡಬ್ಬಿ ಮುಚ್ಚಳ ಇಲ್ಲದೆ ಇಟ್ಕೊಂಡು ಬಂದಿದೀನಿ ಈ ಕಾರಲ್ಲಿ. ಒಂದು ಸೂಜಿ ಚೆಲ್ಲಿಲ್ಲ." ಆಕೆ ಮುಂದಕ್ಕೆ ಬಾಗಿದರು. "ಕೊನೇಲಿ ಆ ಪರಿ ಹೋಯ್ತಲ್ಲ ಕಾರು, ಅದೂ ನೀವೇನಾ?"

"ನಾನೇ."

"ಜೀವ ಬಾಯಿಗೆ ಬಂದಿತ್ತು ನನಗೆ," ಎಂದರು ಟೈಲರಮ್ಮ. "ಎಷ್ಟು ಖುಷಿಯಾಯ್ತು ಗೊತ್ತಾ?"

ಮೇಷ್ಟ್ರು ಬಟ್ಟೆ ಸರಿಸಿದರು. ಸೀಟಿನ ಹಿಡಿಕೆ ಎಳೆದರು. ಕಾರಿನ ಕಿಟಕಿಯಲ್ಲಿ ಬೋಳುತಲೆಯೊಂದು ಮೆಲ್ಲಗೆ ಮೇಲೇರಿತು. ಹಾಸಿಗೆ ಅಂಗಡಿಯವನು ಕಣ್ಣು ಮುಚ್ಚಿಕೊಂಡ.

"ಅದೇ ತಲೆ! ಅದೇ ತಲೆ!" ಎಂದು ಗೆಳೆಯರಿಬ್ಬರೂ ಕುಣಿದರು. ಶಿಳ್ಳೆ, ಚಪ್ಪಾಳೆ ಮುಗಿಲು ಮುಟ್ಟಿತು. ಇದೂ ಸಿನಿಮಾದವರದೇ ತಮಾಷೆ, ಪ್ರಚಾರಕ್ಕೆ ಮಾಡಿದ್ದು ಎಂದು ಎಲ್ಲರೂ ತಾವೇ ತೀರ್ಮಾನಿಸಿದರು. "ಆತ್ಮಸಾಕ್ಷಿ ಎಚ್ಚರಾಯ್ತು, ನೋಡಿದ್ರಾ!" ಎಂದು ಅಧ್ಯಾಪಕ ಎಲ್ಲರಿಗೂ ವಿವರಿಸತೊಡಗಿದ. ಹಾಸಿಗೆ ಅಂಗಡಿಯವನು ಒಂದು ಕಣ್ಣು ತೆರೆದು ನೋಡಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

"ಕ್ಲಚ್ಚು ಒತ್ತಪ್ಪ," ಎಂದರು ಮೇಷ್ಟ್ರು ನಾಯಕನಿಗೆ. "ಎಡಗಾಲು. ಅದಲ್ಲ, ಇನ್ನೊಂದು."

ಕಾರು ಬಿಕ್ಕುತ್ತಾ ಬಿಕ್ಕುತ್ತಾ ಗೇಟು ದಾಟಿತು. ಹಿಂದೆ ಜನ ಕೇಕೆ ಹಾಕಿಕೊಂಡು ಓಡಿ ಬರುತ್ತಿದ್ದರು. ಬೀದಿಯ ತುದಿಯಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಮನೆ, ಬಲಕ್ಕೆ ಹೋದರೆ ಬಸ್ ನಿಲ್ದಾಣ.

"ಕನ್ನಡಕದವರೂ ಖಾಲಿ ಮಾಡಿದಾರಂತೆ," ಎಂದರು ಟೈಲರಮ್ಮ ಕಿಟಕಿಯಾಚೆ ನೋಡುತ್ತಾ. ಕೇಳಿದ ಹಾಗಿರಲಿಲ್ಲ, ಸುಮ್ಮನೆ ಸುದ್ದಿ ಹೇಳಿದ ಹಾಗಿತ್ತು.

ಹನ್ನೊಂದು ವರ್ಷದ ಆ "ನೋಡೋಣ" ಮೇಷ್ಟ್ರ ನಾಲಿಗೆಯ ತುದಿಗೆ ಬಂತು. ಬಲಗಾಲು ಬ್ರೇಕಿನ ಮೇಲೆ ಕೂತಿತ್ತು. ಅವರು ಮಾತನ್ನು ನುಂಗಿದರು, ಕಾಲನ್ನು ಎತ್ತಿದರು, ಎತ್ತಿ ಕಾರಿನ ಚಾಪೆಯ ಮೇಲಿಟ್ಟರು.

"ಬಲಕ್ಕೆ ತಿರುಗಿಸು."

"ಮನೆ ಎಡಕ್ಕಲ್ವಾ ಮೇಷ್ಟ್ರೇ?"

"ಬಲಕ್ಕೆ ಕಣಯ್ಯಾ! ಮಳಿಗೆ ಬೀಗದ ಕೈ ಇನ್ನೊಬ್ಬರ ಪಾಲಾಗೋದ್ರೊಳಗೆ ಹೋಗ್ಬೇಕು."

ನಾಯಕ ಕನ್ನಡಿಯಲ್ಲಿ ಅಟ್ಟಿಸಿಕೊಂಡು ಬರುತ್ತಿದ್ದ ಗುಂಪನ್ನು ನೋಡಿದ, ಬೆವರೊರೆಸಿಕೊಂಡ.

"ಇಂಡಿಕೇಟರ್ ಹಾಕ್ಲಾ?"

"ಹಾಕಪ್ಪ," ಎಂದರು ಟೈಲರಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ನಾವೇನು ಕಳ್ಳರಾ?"