ಕೆಡದೇ ಇದ್ದ ಬ್ರೇಕು

ಮೊನ್ನೆ ನೆಹರು ಗಂಜ್‌ಗೆ ತೊಗರಿಬೇಳೆ ತರಲು ಹೋದ ನನ್ನ ಹೆಂಡತಿ ಬರುವಾಗ ಅರ್ಧ ಡಜನ್ ಕೆಂಪು ಬಾಳೆಹಣ್ಣು ತಂದಿದ್ದಳು. ಚೀಲ ಬಿಚ್ಚುತ್ತಲೇ ಆ ವಾಸನೆ ಶಹಾಬಜಾರದ ನಮ್ಮ ಸಣ್ಣ ಪಡಸಾಲೆಯನ್ನೆಲ್ಲ ತುಂಬಿತು. "ತಗೋರಿ, ಕಮಲಾಪುರದ್ದವ," ಎಂದಳು. ಒಲ್ಲೆ ಎಂದೆ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಸುಳ್ಳು ಹೇಳುವುದು ನನಗೆ ಬಹಳ ಸಲೀಸು...

ಕಮಲಾಪುರದ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದಾಗ ದಿನಾ ಸಂಜೆ ಕಲಬುರಗಿ ಬಸ್ಸಿಗೆ ಕಾಯುತ್ತಿದ್ದುದು ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತಿದ್ದ ಒಬ್ಬಳ ಬುಟ್ಟಿಯ ಪಕ್ಕದಲ್ಲಿ. ಹೆಸರು ಕೇಳಿದ್ದೆನೋ ಇಲ್ಲವೋ, ನನಗೆ ಅವಳು ಹಣ್ಣಿನಕ್ಕ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಇದು ಇವತ್ತಿಗೆ, ಇದು ನಾಳೆಗೆ ಎಂದು ಬೇರೆ ಬೇರೆ ಮಾಡಿ ಕೊಡುತ್ತಿದ್ದಳು. ನನ್ನ ಅವ್ವನಿಗೆ ಎಎಲ್‌ಎಸ್ ಎಂಬ ರೋಗ ಬಂದು, ಕೈಕಾಲು ಒಂದೊಂದಾಗಿ ಸೋತು, ನುಂಗುವುದೂ ಕಷ್ಟವಾದಾಗ ಆ ಸುದ್ದಿಯನ್ನೆಲ್ಲ ಕೂತು ಕೇಳಿದವಳು ಅವಳೇ. "ಅವ್ವಗ ಇದನ್ನ ಹಿಚುಕಿ ತಿನ್ನಸ್ರಿ ಮಾಸ್ತರ್ರ, ಬೆಣ್ಣಿ ಆಗ್ಯಾವ," ಎಂದು ಚೆನ್ನಾಗಿ ಕಳಿತ ಹಣ್ಣನ್ನು ತೆಗೆದಿಟ್ಟಿರುತ್ತಿದ್ದಳು.

ಒಂದು ಸಂಜೆ ಚಿಪ್ಪಿನಿಂದ ಹಣ್ಣು ಕೀಳಲು ಅವಳಿಗೆ ಆಗಲಿಲ್ಲ. ಬೆರಳು ಜಾರಿದವು. ನಕ್ಕು, "ನೀವ ಹರ್ಕೋರಿ, ಕೈಯಾಗ ಯಾಕೋ ಕಸುವೇ ಇಲ್ಲದಂಗ ಆಗ್ಯದ," ಎಂದಳು. ಅವ್ವನಿಗೂ ಶುರುವಾದದ್ದು ಹೀಗೆಯೇ, ರೊಟ್ಟಿ ಮುರಿಯಲು ಆಗದೆ. ದೊಡ್ಡ ಡಾಕ್ಟರಿಗೆ ತೋರಿಸು ಎಂದು ಒಂದು ಮಾತು ಹೇಳಬೇಕಿತ್ತು. ಬಸ್ಸು ಬಂತು, ಹತ್ತಿಬಿಟ್ಟೆ. ಆ ಜೂನ್‌ನಲ್ಲಿ ನನಗೆ ಕಲಬುರಗಿಗೇ ವರ್ಗವಾಯಿತು. ಮರುವರ್ಷದ ಶ್ರಾವಣದಲ್ಲಿ ಅವ್ವ ಹೋದಳು.

ಅವ್ವ ಕೂತಿದ್ದ ಗಾಲಿಕುರ್ಚಿ ನಮ್ಮದಲ್ಲ. ಈ ರೋಗದವರಿಗೆಂದೇ ಊರಿನ ಕೆಲವರು ಸೇರಿ ನಡೆಸುವ ಗುಂಪೊಂದು ಕೊಟ್ಟದ್ದು. ಔಷಧಿಗೂ ಅವರು ಕೈಲಾದಷ್ಟು ನೆರವಾಗಿದ್ದರು. ಷರತ್ತು ಒಂದೇ, ನಮ್ಮ ಕೆಲಸ ಮುಗಿದ ಮೇಲೆ ಕುರ್ಚಿ ಮುಂದಿನವರಿಗೆ ಹೋಗಬೇಕು. ಅವ್ವ ಹೋದ ಹದಿನೈದು ದಿನಕ್ಕೆ ಆ ಗುಂಪಿನ ಹೆಣ್ಣುಮಗಳೊಬ್ಬಳು ಬಲು ಸಂಕೋಚದಿಂದ ಫೋನ್ ಮಾಡಿದಳು. "ಕಮಲಾಪುರದಾಗ ಒಬ್ಬ ಅಕ್ಕಾರಿಗಿ ಕುರ್ಚಿ ಬೇಕಾಗ್ಯದ್ರಿ ಸರ. ಸಿಕ್ಕರ ಇನ್ನೊಂದಿಷ್ಟು ದಿನ ಮಗಳ ಜೋಡಿ ವ್ಯಾಪಾರಕ್ಕ ಕೂಡತೀನಿ ಅಂತಾರ."

ಕಮಲಾಪುರ ಎಂದಾಗಲೇ ಹಣ್ಣಿನಕ್ಕನ ಜಾರಿದ ಬೆರಳು ನೆನಪಾಗಿದ್ದವು. ಆದರೂ ಯಾರು ಎಂದು ಕೇಳಲಿಲ್ಲ. ಕೇಳಿದ್ದರೆ ಕೊಡಬೇಕಾಗುತ್ತಿತ್ತು. ತೀರಿಕೊಂಡ ತಿಂಗಳಿಗೆ ಮಾಡುವ ಮಾಸಿಕ ಮುಗಿಯಲಿ ಎಂದೆ. ಅದೂ ಮುಗಿಯಿತು, ಮತ್ತೆ ಫೋನ್ ಬಂತು. "ಬ್ರೇಕ್ ಕೆಟ್ಟದ್ರಿ, ರಿಪೇರಿಗಿ ಕೊಟ್ಟೀನಿ," ಎಂದೆ. ಬ್ರೇಕಿಗೆ ಏನೂ ಆಗಿರಲಿಲ್ಲ. ಆಮೇಲೆ ಮೂರು ತಿಂಗಳು ಅದೇ ಮಾತು. ಅವ್ವನ ನೆನಪು, ಬಿಟ್ಟುಕೊಡಲು ಮನಸ್ಸಾಗುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಥೂ, ಎಂಥ ನೆನಪು! ಅದರ ಮೇಲೆ ಇಸ್ತ್ರಿಗೆ ಹಾಕುವ ಬಟ್ಟೆ ಪೇರಿಸಿಟ್ಟಿದ್ದೆ. ಕೊನೆಗೆ ಹೆಂಡತಿಯೇ ಒಂದು ದಿನ ಆ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದು, "ಅವರು ಕೊಡತೀವಿ ಅಂದಾಗ ಹ್ಯಾಂಗ ಓಡಿ ಹೋಗಿ ತಂದಿದ್ರಿ, ನೆನಪದ ಏನು?" ಎಂದಳು.

ಟೆಂಪೊದಲ್ಲಿ ಹಾಕಿಕೊಂಡು ಕಮಲಾಪುರಕ್ಕೆ ಹೊರಟೆ. ಮಹಾಗಾಂವ ದಾಟುವಾಗಲೂ, ಅವಳಾಗಿರದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ಅವಳೇ ಆಗಿದ್ದಳು. ಹೊರಸಿನ ಮೇಲೆ ಮಲಗಿದ್ದಳು. ಮಗಳೂ ನಾನೂ ಸೇರಿ ಎತ್ತಿ ಕುರ್ಚಿಯಲ್ಲಿ ಕೂರಿಸಿದೆವು. ಕುತ್ತಿಗೆ ನಿಲ್ಲಲಿಲ್ಲ, ತಲೆ ಎದೆಯ ಮೇಲೆ ಬಿತ್ತು. ಆ ಕುರ್ಚಿಗೆ ತಲೆಗೆ ಆಸರೆ ಇರಲಿಲ್ಲ. ಮತ್ತೆ ಮಲಗಿಸಿದೆವು.

"ದೀಪಾವಳಿ ತನಾ ಚಲೋ ಕೂಡತಿದ್ಳರಿ," ಎಂದಳು ಮಗಳು. ದೂರಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. "ಕುರ್ಚಿ ಬರಲಿ, ಬಸ್‌ಸ್ಟ್ಯಾಂಡಿಗಿ ಹೋಗತೀನಿ ಅಂತಿದ್ಳು."

ಹಣ್ಣಿನಕ್ಕ ತುಟಿ ಆಡಿಸಿದಳು. ಮಾತು ಪೂರಾ ತೊದಲುತ್ತಿತ್ತು. ಅವ್ವನ ಮಾತು ಕೇಳಿ ಪಳಗಿದ್ದ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಬ್ರೇಕ್... ದುರಸ್ತ ಆಯ್ತೇನ್ರಿ ಮಾಸ್ತರ್ರ? ನನ್ನ ಸಲುವಾಗಿ ಭಾಳ ತ್ರಾಸ ಆಯ್ತು ನಿಮಗ."

ಆಗಲಾದರೂ ನಿಜ ಹೇಳಬಹುದಿತ್ತು.

"ಹೂಂ, ಆಯ್ತು," ಎಂದೆ.

ಸಂಕ್ರಾಂತಿಗೆ ಮುಂಚೆಯೇ ಅವಳು ಹೋದಳಂತೆ. ತನಗಾಗಿ ಮಾಸ್ತರರು ತಿಂಗಳುಗಟ್ಟಲೆ ಅಲೆದಾಡಿ ಬ್ರೇಕ್ ಸರಿ ಮಾಡಿಸಿದರು ಎಂದು ನಂಬಿಕೊಂಡೇ ಹೋಗಿರಬೇಕು. ಮಗಳು ವಾರದೊಳಗೆ ಕುರ್ಚಿಯನ್ನು ಒರೆಸಿ ಗುಂಪಿಗೆ ಹಿಂದಿರುಗಿಸಿದಳು ಎಂದು ಆ ಫೋನಿನ ಹೆಣ್ಣುಮಗಳು ಹೇಳಿದಳು. ಹೆಂಡತಿಗೆ ನಾನು, ಕೊಟ್ಟು ಬಂದೆ ಎಂದಷ್ಟೇ ಹೇಳಿದ್ದೇನೆ.

ಇವತ್ತು ಬೆಳಿಗ್ಗೆ ಅವಳು ಉಳಿದ ಹಣ್ಣುಗಳಲ್ಲಿ ಒಂದನ್ನು ಸುಲಿದು ನನ್ನ ಕೈಗಿಟ್ಟಳು. "ಹೊಟ್ಟಿ ಈಗ ಸುಧಾರಿಸ್ಯದಲ್ಲ, ತಿನ್ರಿ," ಎಂದಳು. ನಾಲಿಗೆಗೆ ಕಹಿಯಾಗುತ್ತದೆ ಎಂದುಕೊಂಡು ಬಾಯಿಗೆ ಹಾಕಿಕೊಂಡೆ... ಸಿಹಿಯಾಗಿಯೇ ಇತ್ತು. ಪೂರ್ತಿ ತಿಂದೆ.