ನಕ್ಷತ್ರ ಬೀಳದ ಕುಡುಗೋಲುಗಳು

ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ಕಮ್ಮಾರಿಕೆ ಕಲಿಯುತ್ತಿದ್ದೇನೆ. ಮಂಡ್ಯದ ನಮ್ಮ ಬೀದಿಯಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ತೋರಿಸಲು ಕುಲುಮೆಯೂ ಇಲ್ಲ, ತಿದಿಯೂ ಇಲ್ಲ. ಇರುವುದೆಲ್ಲ ಫೋನಿನೊಳಗೆ, ಸಾವಿರಾರು ಜನ ಒಟ್ಟಿಗೆ ಆಡುವ ಒಂದು ಆನ್‌ಲೈನ್ ಆಟದಲ್ಲಿ. ಆ ಲೋಕದಲ್ಲಿ ಪ್ರತಿಯೊಬ್ಬರೂ ಒಂದು ವೇಷ ತೊಟ್ಟು ಒಂದು ಕಸುಬು ಹಿಡಿಯಬೇಕು. ಬೇರೆಯವರು ಸಿಡಿಲು, ಬೆಂಕಿ, ಹದ್ದು ಎಂದೆಲ್ಲ ಹೆಸರಿಟ್ಟುಕೊಂಡು ರೆಕ್ಕೆಯ ಕುದುರೆಗಳ ಮೇಲೆ ಓಡಾಡುತ್ತಾರೆ. ನಾನು ಹೆಸರು ಕೇಳಿದ ಕೂಡಲೇ ಅರ್ಜಿ ತುಂಬುವ ಅಭ್ಯಾಸದಲ್ಲಿ 'ಪುಟ್ಟಸ್ವಾಮಿ ಎಂ.' ಎಂದು ಬರೆದುಬಿಟ್ಟೆ. ಈಗ ಅದನ್ನು ಬದಲಾಯಿಸಲು ಬರುವುದಿಲ್ಲ. ತೊಗಲಿನ ಅಂಗಿ ತೊಟ್ಟ, ಎರಡಾಳು ಅಗಲದ ಭುಜವಿರುವ ಆ ಕಮ್ಮಾರನ ತಲೆಯ ಮೇಲೆ ನನ್ನ ಇನಿಷಿಯಲ್ ತೇಲಾಡುತ್ತಿರುತ್ತದೆ.

ಹೊಸಬರಿಗೆ ಅಲ್ಲಿ ಮೊದಲು ಕೊಡುವ ಕೆಲಸ ಕುಡುಗೋಲು ಮಾಡುವುದು. ಕಬ್ಬಿಣ ಇಟ್ಟು ಕೂತರೆ ಮೂರು ಪಟ್ಟಿಗಳು ಕಾಣುತ್ತವೆ. ಕೆಲಸ ಎಷ್ಟಾಯಿತು ಎಂದು ಹೇಳುವುದು ಒಂದು. ಎಷ್ಟು ಚೆನ್ನಾಯಿತು ಎಂದು ಹೇಳುವುದು ಇನ್ನೊಂದು. ಕಬ್ಬಿಣ ಇನ್ನೆಷ್ಟು ಪೆಟ್ಟು ತಾಳುತ್ತದೆ ಎಂಬುದು ಮೂರನೆಯದು. 'ಮುಗಿಸು' ಎಂಬ ಗುಂಡಿ ಒತ್ತಿ ಮೊದಲನೆಯ ಪಟ್ಟಿ ತುಂಬಿಸಿದರೆ, ಕುಡುಗೋಲು ಹೇಗಿದ್ದರೂ ಸರಿ, ಕೆಲಸ ಮುಗಿಯಿತು. ಎರಡನೆಯದನ್ನು ತುಂಬಿಸಿ ಆಮೇಲೆ ಮುಗಿಸಿದರೆ ಅದರ ಮೂಲೆಯಲ್ಲಿ ಒಂದು ಪುಟ್ಟ ನಕ್ಷತ್ರ ಬೀಳುತ್ತದೆ, ಅದು ಉತ್ತಮ ದರ್ಜೆಯ ಮಾಲು. ಆಸೆ ಹೆಚ್ಚಾಗಿ ಬಡಿಯುತ್ತಲೇ ಇದ್ದು ಮೂರನೆಯ ಪಟ್ಟಿ ಬರಿದಾದರೆ ಕಬ್ಬಿಣ ಒಡೆದು ಎಲ್ಲವೂ ಹೋಗುತ್ತದೆ. ಇಷ್ಟೇ ಆಟ. ನಾನು ಈವರೆಗೆ ನಲವತ್ತಕ್ಕೂ ಹೆಚ್ಚು ಕುಡುಗೋಲು ಮಾಡಿದ್ದೇನೆ. ಒಂದೂ ಒಡೆದಿಲ್ಲ, ಒಂದರ ಮೇಲೂ ನಕ್ಷತ್ರ ಬಿದ್ದಿಲ್ಲ.

ಕಾರಣ ನನಗೆ ಗೊತ್ತಿದೆ. ಮೂವತ್ನಾಲ್ಕು ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಕೂತವನು ನಾನು. ಕಡತವನ್ನು ಚೆನ್ನಾಗಿ ಮಾಡಿದೆ ಎಂದು ಅಲ್ಲಿ ಯಾರೂ ಯಾರನ್ನೂ ಹೊಗಳುವುದಿಲ್ಲ. ವಿಲೇವಾರಿ ಆಯಿತೇ ಎಂದು ಕೇಳುತ್ತಾರೆ. ಮೇಜಿನ ಮೇಲಿನದು ಪಕ್ಕದ ಮೇಜಿಗೆ ಹೋದರೆ ಸಾಕು, ಮನೆಗೆ ಬಂದು ನೆಮ್ಮದಿಯಾಗಿ ಮುದ್ದೆ ಉಣ್ಣಬಹುದು. ಕುಲುಮೆಯ ಮುಂದೆ ಕೂತಾಗಲೂ ಮೂರನೆಯ ಪಟ್ಟಿ ಸ್ವಲ್ಪ ಇಳಿಯುತ್ತಿದ್ದ ಹಾಗೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಒಡೆದರೆ ಉತ್ತರ ಹೇಳುವವರು ಯಾರು ಎಂದು ಬೆರಳು ತಾನಾಗಿಯೇ ಓಡಿ 'ಮುಗಿಸು' ಎಂಬಲ್ಲಿ ಒತ್ತುತ್ತದೆ. ಹೀಗೆ ಆಟದೊಳಗಿನ ನನ್ನ ಉಗ್ರಾಣದಲ್ಲಿ ಸಾಧಾರಣ ಕುಡುಗೋಲುಗಳ ರಾಶಿ ಬಿದ್ದಿದೆ. ಅದನ್ನು ನೋಡಿದರೆ ನನ್ನ ಸರ್ವೀಸು ನೋಡಿದಂತಾಗಿ ಬೇಸರವಾಗುತ್ತದೆ.

ಈ ಆಟಕ್ಕೆ ನಾನು ಸೇರಿದ್ದು ಕಮ್ಮಾರಿಕೆಯ ಮೇಲಿನ ಪ್ರೀತಿಯಿಂದಲ್ಲ, ನಂಜುಂಡನಿಗಾಗಿ. ನಂಜುಂಡ ನನ್ನ ಬಾಮೈದ, ಹೆಂಡತಿ ಜಯಮ್ಮನ ತಮ್ಮ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವನು. ಆ ಸುತ್ತಿನ ಆಲೆಮನೆಗಳಲ್ಲಿ ಬೆಲ್ಲದ ಪಾಕ ಇಳಿಸಲು ಅವನನ್ನೇ ಕರೆಯುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಎರಡು ಬೆರಳ ನಡುವೆ ಉರುಳಿಸಿ, ಇನ್ನೆರಡು ನಿಮಿಷ ಬೇಕು ಎನ್ನುತ್ತಿದ್ದ. ಆ ಎರಡು ನಿಮಿಷವನ್ನು ಗಡಿಯಾರದಲ್ಲಿ ನೋಡಿದ್ದನ್ನು ನಾನು ಕಾಣೆ. ಹೋದ ವರ್ಷ ಪಾಕ ಸುರಿಯುವಾಗ ಕೊಪ್ಪರಿಗೆ ಎತ್ತಿದ ಗಳ ಜಾರಿತು. ಕುದಿಯುವ ನೀರಾದರೆ ಹರಿದು ಹೋಗುತ್ತದೆ, ಬೆಲ್ಲದ ಪಾಕ ಅಂಟಿಕೊಂಡು ಸುಡುತ್ತದೆ. ಬಲಗೈ ಮೊಣಕೈವರೆಗೂ ಬೆಂದುಹೋಯಿತು.

ಆಸ್ಪತ್ರೆಯ ಓಡಾಟವೆಲ್ಲ ನನ್ನದೇ. ಕಾರ್ಡು, ಸಹಿ, ಅರ್ಜಿ, ಡಿಸ್ಚಾರ್ಜು, ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆದರೆ ಮೊದಲ ಸಲ ಕಟ್ಟು ಬಿಚ್ಚಿದಾಗ ಅವನು ನನ್ನ ಕಡೆ ನೋಡಿದ. ನಾನು ಒಂದು ಕಾಗದ ಜೆರಾಕ್ಸ್ ಮಾಡಿಸಬೇಕು ಎಂದು ಹೇಳಿ ಆಚೆ ಬಂದೆ. ಆಮೇಲೂ ಆ ಕೈಯನ್ನು ನಾನು ನೆಟ್ಟಗೆ ನೋಡಲಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ನಂಜುಂಡ ಮಾತು ಬಿಟ್ಟ. ಬೆರಳುಗಳನ್ನು ದಿನಾ ಯಾರಾದರೂ ಹಿಡಿದು ಮಡಿಸಿ ಬಿಡಿಸಬೇಕು, ಇಲ್ಲವಾದರೆ ಐದೂ ಕೂಡಿಕೊಂಡು ಮರಗಟ್ಟುತ್ತವೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವನು ಹೆಂಡತಿ ಸುಶೀಲಳಿಗೂ ಕೈ ಮುಟ್ಟಗೊಡಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಜಗುಲಿಯ ಮೇಲೆ ಕೂತು ಎಡಗೈಯಲ್ಲಿ ಈ ಆಟ ಆಡುತ್ತಿದ್ದ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಒಬ್ಬ ವೈರ್‌ಮ್ಯಾನ್ ಅದನ್ನು ಅವನಿಗೆ ಹಾಕಿಕೊಟ್ಟಿದ್ದನಂತೆ. ಒಂದು ದಿನ ಜಯಮ್ಮ ಸೊಪ್ಪು ಬಿಡಿಸುತ್ತ ತಲೆಯೆತ್ತದೆ ಹೇಳಿದಳು. "ಅವ್ನು ಆ ಆಟದಲ್ಲಾದ್ರೂ ಯಾರ್ಯಾರ್ತವೋ ಮಾತಾಡ್ತಾನಂತೆ. ನೀವೂ ಒಸಿ ಅಲ್ಲಿಗೇ ಓಗಿ. ಬೆರಳು ಓದ್ಮೇಲೆ ನೋಡಕೋದ್ರೆ ಏನ್ ಬಂತು?"

ಹಾಗೆ ಹೋದೆ. ಹೋಗಿ ನೋಡಿದರೆ ನನ್ನ ಬಾಮೈದ ಅಲ್ಲಿ ದೊಡ್ಡ ಕುಳ. ಅವನು ಮಾಡಿದ್ದಕ್ಕೆಲ್ಲ ನಕ್ಷತ್ರ. ಎಲ್ಲೆಲ್ಲಿಂದಲೋ ಹೊಸಬರು ಬಂದು ಅವನ ಅಂಗಡಿಯ ಮುಂದೆ ನಿಲ್ಲುತ್ತಾರೆ, ಇವನು ಕೇಳಿದ್ದನ್ನು ಕೊಟ್ಟುಬಿಡುತ್ತಾನೆ. ಅರ್ಧದಷ್ಟು ಜನ ಅದನ್ನು ತಗೊಂಡು ನೇರವಾಗಿ ಸಂತೆಗೆ ಹೋಗಿ ಮಾರುತ್ತಾರೆ. ನಾನು ಇದನ್ನು ಪತ್ತೆಹಚ್ಚಿ ಒಂದು ವರದಿಯನ್ನೇ ಬರೆದು ಕಳಿಸಿದೆ. ಎಷ್ಟೋ ತಿಂಗಳ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು ಆ ಆಟದೊಳಗೇ ಬಂತು. "ಆಲೆಮನೆ ತಾವ ಬಂದೋರ್ನ ಬರಿಗೈಲಿ ಕಳಿಸ್ತಾರಾ ಬಾವ? ಮಾರ್ಕೊಂಡ್ರೆ ಮಾರ್ಕೊಳ್ಲಿ ಬುಡು." ನಮ್ಮ ಕಡೆ ಅದು ನಿಜ. ದಾರಿಹೋಕನಾದರೂ ಆಲೆಮನೆಗೆ ಬಂದರೆ ಒಂದು ಲೋಟ ಕಬ್ಬಿನ ಹಾಲು, ಅಂಗೈಯಗಲ ಬಿಸಿ ಬೆಲ್ಲ ಕೊಟ್ಟೇ ಕಳಿಸಬೇಕು. ಆ ನಿಯಮ ಆಟ ಮಾಡಿದವರಿಗೆ ಗೊತ್ತಿರಲಿಲ್ಲ, ಇವನಿಗೆ ಬೇರೆ ನಿಯಮ ಗೊತ್ತಿರಲಿಲ್ಲ.

ಈ ನಡುವೆ ಒಂದು ದಿನ ನಾನು ಬಸರಾಳಿಗೆ ಹೋಗಿದ್ದೆ. ಅಲ್ಲಿನ ಹೊಯ್ಸಳರ ಗುಡಿಯ ಗೋಡೆಯ ಬುಡದಲ್ಲಿ ಆನೆಗಳು ಸಾಲಾಗಿ ನಡೆಯುತ್ತವೆ. ಪಂಡಿತರು ಅವನ್ನು ನೋಡಿ ಶೈಲಿ, ಕಾಲ ಎಂದು ಮಾತಾಡುತ್ತಾರೆ. ನನಗೆ ಮಾತ್ರ ಕಲಿಯುತ್ತಿದ್ದವರು ಕೆತ್ತಿದ ಆನೆಗಳೆಲ್ಲಿ ಎಂಬ ಚಿಂತೆ ಹತ್ತಿತು. ಯಾವನೋ ಹೊಸಬ ಸೊಂಡಿಲು ಮುರಿದಿರಬೇಕು, ಗುರು ನೋಡುವ ಮೊದಲೇ ಅದನ್ನು ಅಡಿಪಾಯಕ್ಕೆ ತಳ್ಳಿ ಮಣ್ಣು ಮುಚ್ಚಿರಬೇಕು. ಶಾಸನಗಳಲ್ಲಿ ದಾನ ಕೊಟ್ಟವನ ಹೆಸರಿರುತ್ತದೆ, ಸೊಂಡಿಲು ಮುರಿದವನದು ಇರುವುದಿಲ್ಲ. ಆದರೆ ಅವನು ಮುರಿಯುವಷ್ಟು ದೂರವಾದರೂ ಹೋಗಿದ್ದ. ನಾನು ಅಷ್ಟೂ ಹೋದವನಲ್ಲ ಎನಿಸಿ, ಆನೆಗಳ ಮುಂದೆ ನಿಂತು ಮನಸ್ಸು ಬಹಳ ಖಿನ್ನವಾಯಿತು.

ಮುಂದಿನ ವಾರ ಪೂರಿಗಾಲಿಗೆ ಹೋದೆ. ಮಧ್ಯಾಹ್ನದ ಊಟವಾಗಿತ್ತು. ಜಗುಲಿಯ ಮೇಲೆ ನಂಜುಂಡನ ಪಕ್ಕದಲ್ಲಿ ಕೂತು ಫೋನು ತೆಗೆದೆ. ಅವನು ತನ್ನಲ್ಲಿದ್ದ ಉತ್ತಮ ಕಬ್ಬಿಣವನ್ನು ನನ್ನ ಕಮ್ಮಾರನಿಗೆ ಕಳಿಸಿದ. ಅಂಥದ್ದು ಅವನ ಬಳಿ ಇದ್ದದ್ದು ಅದೊಂದೇ ಗಟ್ಟಿ. ನಾನು ಬಡಿಯತೊಡಗಿದೆ. ಎರಡನೆಯ ಪಟ್ಟಿ ಅರ್ಧ ದಾಟುವಷ್ಟರಲ್ಲಿ ನನ್ನ ಬೆರಳು ಎಂದಿನಂತೆ 'ಮುಗಿಸು' ಎಂಬುದರ ಮೇಲೆ ಹೋಯಿತು.

"ಯಾರ್ ಬಾವ ನಿನ್ನ ಅಟ್ಟಿಸ್ಕೊಂಡ್ ಬತ್ತಾ ಇರೋರು?" ಎಂದ ನಂಜುಂಡ. "ಪಟ್ಟಿ ನೋಡ್ಬ್ಯಾಡ. ಕಬ್ಬುಣದ ಬಣ್ಣ ನೋಡು. ಕೆಂಪು ಒಸಿ ತಿಳಿ ಆಗ್ಲಿ, ಆವಾಗ ಒಡಿ."

ನೋಡಿದೆ. ಇಷ್ಟು ದಿನದಲ್ಲಿ ಆ ಕಬ್ಬಿಣಕ್ಕೆ ಬಣ್ಣವಿದೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ತಿಳಿಯಾದಾಗ ಹೊಡೆದೆ, ಕಾದೆ, ಮತ್ತೆ ಹೊಡೆದೆ. ಎರಡನೆಯ ಪಟ್ಟಿ ತುಂಬಲು ಕೂದಲೆಳೆಯಷ್ಟು ಉಳಿದಿತ್ತು. ಇನ್ನೊಂದು ಪೆಟ್ಟು ತಾಳುತ್ತದೆ ಎಂದುಕೊಂಡು ಹೊಡೆದೆ. ಕಬ್ಬಿಣ ಒಡೆದು ಪರದೆ ಖಾಲಿಯಾಯಿತು.

"ನಿನ್ನ ಮಾಲೆಲ್ಲ ಆಳು ಮಾಡ್ಬುಟ್ಟೆ ಕಣೋ" ಎಂದೆ.

"ಓಯ್ತು ಬುಡು. ನಾನು ಕಲಿಯೋವಾಗ ಏಳು ಕೊಪ್ಪರಿಗೆ ಪಾಕ ಸೀಸಿದ್ದೆ" ಎಂದ ಅವನು. ಫೋನು ಕೆಳಗಿಟ್ಟು, "ಇವತ್ತೊಂದ್ ದಿನ ಕಾದ್ಯಲ್ಲ" ಎಂದ.

ಆ ಮಾತು ಕೇಳಿ ನನ್ನಿಂದ ತಡೆಯಲಾಗಲಿಲ್ಲ. "ಅವತ್ತು ಆಸ್ಪತ್ರೇಲಿ ಕಟ್ಟು ಬಿಚ್ಚೋವಾಗ ನಾನು ಎದ್ದು ಓಗ್ಬುಟ್ಟೆ. ಜೆರಾಕ್ಸೂ ಇಲ್ಲ, ಏನೂ ಇಲ್ಲ. ಎದ್ರಿಕೆ ಆಯ್ತು ಕಣೋ ನಂಗೆ."

"ಗೊತ್ತು. ಅವತ್ತು ಭಾನ್ವಾರ. ಎದ್ರುಗಡೆ ಜೆರಾಕ್ಸ್ ಅಂಗ್ಡಿ ಬಾಗ್ಲಾಕಿತ್ತು. ಆಸ್ಪತ್ರೆ ಕಿಟ್ಕೀಲಿ ಕಾಣ್ತಿತ್ತು ನಂಗೆ."

ಇಷ್ಟು ತಿಂಗಳು ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಅವನು ಎಡಗೈಯಿಂದ ಟವೆಲು ಬಿಚ್ಚಿ ಬಲಗೈಯನ್ನು ನನ್ನ ತೊಡೆಯ ಮೇಲಿಟ್ಟ. ಚರ್ಮ ಸುಕ್ಕಾಗಿ ಎಳೆದುಕೊಂಡಿತ್ತು. ಕಿರುಬೆರಳು, ಉಂಗುರ ಬೆರಳು ಆಗಲೇ ಒಂದಕ್ಕೊಂದು ಅಂಟಿದಂತಿದ್ದವು. ಬಾಗಿಲಲ್ಲಿ ನಿಂತಿದ್ದ ಸುಶೀಲ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಈ ಕೈ ಇನ್ನು ಮೊದಲಿನಂತೆ ಆಗುವುದಿಲ್ಲ, ದಿನಾ ಮಡಿಸುವುದು ಇದಕ್ಕಿಂತ ಕೆಡದಿರಲಿ ಎಂಬುದಕ್ಕಷ್ಟೇ ಎಂದು ಡಾಕ್ಟರು ನನಗೆ ಹೇಳಿದ್ದರು. ಎಂದೂ ವಿಲೇವಾರಿಯಾಗದ ಕೆಲಸ ಇದು.

ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಮಡಿಸಿದೆ. ಅವನು ಹಲ್ಲು ಕಚ್ಚಿದ. ಡಾಕ್ಟರು ಹೇಳಿದಂತೆ ಇಪ್ಪತ್ತು ಎಣಿಸುವವರೆಗೆ ಹಿಡಿದಿರಬೇಕಿತ್ತು. ಹನ್ನೆರಡಕ್ಕೇ ನನ್ನ ಕೈ ಸಡಿಲವಾಯಿತು.

"ಇಪ್ಪತ್ತು ಅಂದ್ರೆ ಇಪ್ಪತ್ತು ಬಾವ" ಎಂದ ನಂಜುಂಡ.

ನಾನು ಮತ್ತೆ ಒಂದರಿಂದ ಎಣಿಸತೊಡಗಿದೆ.