ಮೀಟ್ರಮ್ಮನ ಮೂರು ತಪ್ಪು

ನನಗೆ ಸಿಟ್ಟು ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ಬಾಯ್ಲರ್ ಮನೆಯಲ್ಲಿ ಮೂವತ್ತೊಂದು ವರ್ಷ ಬೆಂದವನಿಗೆ ತಣ್ಣಗಿರು ಅಂದರೆ ಎಲ್ಲಿಂದ ತರಲಿ? ಆದರೆ ಇದು ನನ್ನ ಕಥೆಯಲ್ಲ, ನನ್ನ ಕೈಕೆಳಗೆ ಹನ್ನೆರಡು ವರ್ಷ ದುಡಿದ ಹೆಂಗಸಿನದು. ಬಂದೊಡನೆ ಒಂದೊಂದು ಮೀಟರಿನ ಮುಂದೆಯೂ ನಿಂತು, ಕ್ಷೇಮ ವಿಚಾರಿಸುವವಳ ಹಾಗೆ ನೋಡಿ ಬರುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮೀಟ್ರಮ್ಮ. ಗಂಡ ಬಸ್ ಕಂಡಕ್ಟರ್, ಮಗಳು ಹತ್ತನೇ ತರಗತಿ, ಮನೆಯಲ್ಲಿ ಮಾತಿಗೆ ಬರವಿಲ್ಲದ ಅತ್ತೆ.

ಬಂದಾಗ ಬರೀ ಡಿಪ್ಲೊಮಾ. ಹಬೆಯ ಪೈಪಿನ ಹತ್ತಿರ ಅಂಗೈ ಒಯ್ಯಬೇಡ, ಕೈಯ ಹಿಂಭಾಗ ಒಯ್ಯಿ, ಅಂಗೈ ಸುಟ್ಟರೆ ವಾರದ ಕೆಲಸ ಹೋಯಿತು ಅಂತ ಕಲಿಸಿದವನು ನಾನು. ಸಂಜೆ ಕಾಲೇಜಿಗೆ ಹೋಗಿ ಇಂಜಿನಿಯರಿಂಗ್ ಮುಗಿಸಿದ್ದು ಅವಳದೇ ಹಟ. ಲಾಂಡ್ರಿಯ ಬಿಸಿನೀರು ಆವಿಯಾಡುತ್ತಾ ಚರಂಡಿಗೆ ಬೀಳುವುದನ್ನು ಕಂಡಾಗಲೆಲ್ಲ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಆ ಶಾಖವನ್ನು ತಿರುಗಿ ಬಾಯ್ಲರಿನ ನೀರಿಗೆ ಕೊಡಬಹುದು ಅಂತ ಹಳೇ ಕಾಗದಗಳ ಬೆನ್ನಿಗೆಲ್ಲ ಪೈಪಿನ ನಕ್ಷೆ ಬರೆದಿದ್ದಳು. ಆಫೀಸಿನವರು, ಇದು ನಡೆಯುತ್ತದೆ ಅಂತ ಯಾರು ಹೊಣೆ ಅಂದರು. ಅವಳು ವಾದ ಮಾಡಲಿಲ್ಲ. ಅರ್ಧ ಗೊತ್ತು, ಇನ್ನರ್ಧ ಕಲಿಯಬೇಕು ಅಂದುಕೊಂಡು ಬಂದಳು.

ಕಲಿಯುವುದಕ್ಕೆ ಒಂದೇ ದಾರಿ ಇತ್ತು: ಸುಸ್ಥಿರ ಇಂಧನದ ಎಂ.ಟೆಕ್. ಹೆಸರು ಸರಿಯಾಗಿ ಹೇಳುವುದಕ್ಕೇ ಒಂದು ವರ್ಷ ಬೇಕಲ್ಲೇ ಅಂತ ಛೇಡಿಸುತ್ತಿದ್ದೆ. ಹೋಗಲೋ ಬೇಡವೋ ಅಂತ ಮೂರು ವರ್ಷ ತೂಗಿದಳು. ಅತ್ತೆಗೆ ಮಂಡಿ ನೋವು, ಮಗಳಿಗೆ ಪರೀಕ್ಷೆ, ಒಂದಲ್ಲ ಒಂದು. ಕೊನೆಗೆ ಅತ್ತೆಯೇ, ಮನೆಯಲ್ಲಿ ಇಬ್ಬರು ಓದುವವರಿದ್ದರೆ ಟಿ.ವಿ. ನನ್ನೊಬ್ಬಳದೇ ಆಗುತ್ತದೆ, ಹೋಗು ಅಂದಳಂತೆ. ಕೆಲಸದಲ್ಲಿರುವವರಿಗೆ ನಾಲ್ಕೇ ಸೀಟು, ವಯಸ್ಸು ನಲವತ್ತೆರಡು ದಾಟಿರಬಾರದು. ಅವಳಿಗೆ ನಲವತ್ತೆರಡು ನಡೆಯುತ್ತಿತ್ತು. ಈ ವರ್ಷ ತಪ್ಪಿದರೆ ಮುಗಿಯಿತು.

ಅರ್ಜಿಯ ಜೊತೆ ಮೇಲಿನವರ ಪತ್ರ ಬೇಕು. ಮೇಲಿನವನು ಅಂದರೆ ನಾನು.

ನಮ್ಮಲ್ಲೊಂದು ಪದ್ಧತಿ ಇದೆ. ಪಾಳಿ ಪುಸ್ತಕದಲ್ಲಿ ಕೆಟ್ಟದ್ದನ್ನು ಮಾತ್ರ ಬರೆಯುತ್ತೇವೆ. ಬಾಯ್ಲರು ಚೆನ್ನಾಗಿ ನಡೆಯಿತು ಅಂತ ಯಾರೂ ಬರೆಯುವುದಿಲ್ಲ; ನಡೆಯಲಿ ಅಂತ ತಾನೇ ಸಂಬಳ? ಹಾಳೆ ಖಾಲಿ ಇದ್ದರೆ ದಿನ ಬಂಗಾರ. ನಾನು ಪತ್ರವನ್ನೂ ಹಾಗೆಯೇ ಬರೆದೆ. ಹನ್ನೆರಡು ವರ್ಷದಲ್ಲಿ ಒಮ್ಮೆ ಹನ್ನೊಂದು ನಿಮಿಷ ತಡ. ಒಮ್ಮೆ ಪಾಳಿ ಬಿಡುವಾಗ ಡ್ರೈನ್ ವಾಲ್ವ್ ಮುಚ್ಚಲು ಮರೆತದ್ದು. ಒಮ್ಮೆ ದೊಡ್ಡ ಡಾಕ್ಟರಿಗೆ ಎದುರು ಮಾತಾಡಿದ್ದು. ಕೆಳಗೆ ಸಹಿ, ಮೊಹರು. ಲಕೋಟೆ ಅಂಟಿಸಿ ಕೊಟ್ಟೆ.

ವಾರದ ಮೇಲೆ ಕಾಲೇಜಿನಿಂದ ಅವಳಿಗೆ ಫೋನು ಬಂತು. ಪತ್ರದ ಮೂರು ತಪ್ಪನ್ನೂ ಓದಿ ಹೇಳಿ, ನಿಮ್ಮ ಮೇಲಿನವರಿಗೆ ನಿಮ್ಮ ಮೇಲೆ ಅಸಮಾಧಾನ ಇದ್ದ ಹಾಗಿದೆ, ಬೇರೆ ಯಾರಾದರೂ ನಿಮ್ಮ ಪರ ಹೇಳುವವರಿದ್ದಾರಾ ಅಂತ ಕೇಳಿದರಂತೆ. ನಾಲ್ಕು ದಿನ ಗಡುವು. ಅವಳು ಕಣ್ಣು ಒರೆಸಿಕೊಳ್ಳಲೂ ಇಲ್ಲ, ನನ್ನ ಮುಂದೆ ಬಂದು ನಿಂತಳು.

"ಹನ್ನೆರಡು ವರ್ಷಕ್ಕೆ ನಾನು ಇಷ್ಟೇನಾ ಸಾರ್?"

ಎಂದಿನಂತೆ ಮೊದಲು ರೇಗಿದೆ. ಮೂರೇ ಮೂರು ತಪ್ಪು! ಬೇರೆ ಯಾರಿಗಿದೆ ಅಂಥ ದಾಖಲೆ, ಓದಿದವರಿಗೆ ಅಷ್ಟೂ ತಿಳಿಯದಾ ಅಂತ ಕೂಗಾಡಿದೆ. ಅವಳು ತಿರುಗಿ ಹೋಗಿ ಮೀಟರು ನೋಡತೊಡಗಿದಳು.

ಮರುದಿನ ಪಾಳಿ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ನಾನೇ ಕಾಲೇಜಿಗೆ ಹೋದೆ. ಪ್ರೊಫೆಸರು ನನ್ನ ಮಗಳ ವಯಸ್ಸಿನವಳು. ನಮ್ಮ ಪದ್ಧತಿ ವಿವರಿಸಿದೆ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಬೇರೆಯವರ ಹಾಳೆ ತೋರಿಸಿ ಅಂದಳು. ಬೇರೆಯವರದು ತೋರಿಸುವುದು ಧರ್ಮವಲ್ಲ, ಹಾಗಾಗಿ ನನ್ನದನ್ನೇ ತೆರೆದೆ. ಒಂದೇ ವರ್ಷದಲ್ಲಿ ಹತ್ತೊಂಬತ್ತು. ಬಾಯ್ಲರಿಗೆ ನೀರು ಬಿಡುವುದನ್ನು ಮರೆತು ಮಾತಿಗೆ ನಿಂತದ್ದೂ ಅದರಲ್ಲಿತ್ತು. ಆ ದಿನ ಬಾಯ್ಲರು ಸಿಡಿಯುವ ಮೊದಲು ಓಡಿಬಂದು ಅದರ ಬೆಂಕಿ ಆರಿಸಿದವಳು ಮೀಟ್ರಮ್ಮ. ಅದನ್ನು ಮಾತ್ರ ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ. ಬಾಯಿಬಿಟ್ಟು ಹೇಳಿದೆ.

ಪ್ರೊಫೆಸರು ಪುಸ್ತಕ ಮುಚ್ಚಿ, "ಇವರು ಇಲ್ಲಿಗೆ ಬಂದ್ರೆ ನಿಮ್ಮ ಬಾಯ್ಲರ್ ಯಾರು ನೋಡ್ಕೋತಾರೆ?" ಅಂತ ಕೇಳಿದಳು.

ತಿಂಗಳುಗಟ್ಟಲೆ ನಾನು ನನ್ನನ್ನೇ ಕೇಳಿಕೊಳ್ಳದೆ ತಪ್ಪಿಸಿಕೊಂಡಿದ್ದ ಪ್ರಶ್ನೆ ಅದು.

"ನಾನೇ ನೋಡ್ಕೋತೀನಮ್ಮ. ತಪ್ಪು ಜಾಸ್ತಿ ಆಗುತ್ತೆ. ಬರೀತೀನಿ."

ಅವಳ ಮೇಜಿನ ಮೇಲೆಯೇ ಎರಡನೇ ಪತ್ರ ಬರೆದೆ. ಹೊಗಳಿ ಗೊತ್ತಿಲ್ಲದ ಕೈ, ಮುಕ್ಕಾಲು ಗಂಟೆ ಹಿಡಿಯಿತು. ಬರೆದದ್ದು ಐದು ಸಾಲು.

ಸೀಟು ಸಿಕ್ಕಿತು. ಎರಡು ವರ್ಷದ ರಜೆಯ ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಳ್ಳಲು ಬಂದ ದಿನ ಮೀಟ್ರಮ್ಮ ಒಳಗೆ ಬಂದು ಬಾಗಿಲು ಮುಚ್ಚಿದಳು. ಮೊದಲನೇ ಪತ್ರ ಬರೆದದ್ದು ಬರೀ ಅಭ್ಯಾಸಬಲವಾ ಅಂತ ಕೇಳಿದಳು. ಊರಿಗೆಲ್ಲ ಹಾಗೇ ಹೇಳಿದ್ದೆ. ಅವಳ ಮುಖ ನೋಡಿಕೊಂಡು ಹೇಳಲಾಗಲಿಲ್ಲ.

"ಅರ್ಧ ಅಭ್ಯಾಸ. ಇನ್ನರ್ಧ... ಇದನ್ನ ಓದಿದ್ರೆ ಅವರು ಕರೆಯಲ್ಲ ಅಂತ ಬರೀವಾಗಲೇ ಗೊತ್ತಿತ್ತು ಕಣಮ್ಮ."

ಅವಳು ರಜೆಯ ಕಾಗದವನ್ನು ನನ್ನ ಮುಂದೆ ಸರಿಸಿದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಆಮೇಲೆ ಕೇಳಿದಳು, "ಎರಡನೇದು ಬರೀವಾಗ ಏನು ಗೊತ್ತಿತ್ತು ಸಾರ್?"

"ನೀನು ಹೋಗ್ತೀಯ ಅಂತ ಗೊತ್ತಿತ್ತು."

ಅವಳು ಪೆನ್ನು ನನ್ನ ಕೈಗೆ ಕೊಟ್ಟಳು. ನಾನು ಸಹಿ ಹಾಕಿದೆ.